ಆಫ್ರಿಕಾ ಪ್ರಯಾಣ ಮತ್ತು ಆರೋಗ್ಯ ರಕ್ಷಣೆ

ಆಫ್ರಿಕಾ ಪ್ರಯಾಣ ಮತ್ತು ಆರೋಗ್ಯ ರಕ್ಷಣೆ ಎಂಬ ವಿಷಯವು ಪ್ರಯಾಣ ವೈದ್ಯಕೀಯದ ಒಂದು ಭಾಗವಾಗಿದೆ. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ದೇಶಗಳಿಗೆ ಭಾರತದಿಂದ ಹೋಗಿಬರುವವರು ಹೊರಡುವ ಮುನ್ನ, ಅಲ್ಲಿರುವಾಗ ಮತ್ತು ಮರಳಿದ ನಂತರ ಕೈಗೊಳ್ಳಬೇಕಾದ ಆರೋಗ್ಯ ಕ್ರಮಗಳನ್ನು ಇದು ಒಳಗೊಂಡಿದೆ. ಈ ಪ್ರದೇಶದಲ್ಲಿ ಪ್ರವಾಸಿಗರಿಗೆ ಎದುರಾಗುವ ಮುಖ್ಯ ರೋಗಗಳೆಂದರೆ ಮಲೇರಿಯಾ, ಹಳದಿ ಜ್ವರ, ಟೈಫಾಯಿಡ್, ಮೆನಿಂಜೈಟಿಸ್ ಮತ್ತು ಶಿಸ್ಟೊಸೋಮಿಯಾಸಿಸ್. ಇವುಗಳಲ್ಲಿ ಹಲವನ್ನು ತಡೆಗಟ್ಟಲು ಸಾಧ್ಯವಿದೆ. ಆದರೆ ಲಸಿಕೆಗಳು ಫಲ ನೀಡಲು ದಿನಗಳು ಬೇಕಾಗುವುದರಿಂದ ಸಿದ್ಧತೆಯು ಹೊರಡುವುದಕ್ಕೆ ನಾಲ್ಕರಿಂದ ಆರು ವಾರ ಮೊದಲೇ ಆರಂಭವಾಗಬೇಕು. ಕೆಲವು ರೋಗಗಳು ಮನೆಗೆ ಮರಳಿದ ವಾರಗಳ ನಂತರ ಕಾಣಿಸಿಕೊಳ್ಳುವುದರಿಂದ ಎಚ್ಚರಿಕೆಯು ಪ್ರಯಾಣ ಮುಗಿದ ದಿನಕ್ಕೆ ಮುಗಿಯುವುದಿಲ್ಲ.

ಹಿನ್ನೆಲೆ

ಪೂರ್ವ ಆಫ್ರಿಕಾದ ಕೀನ್ಯಾ, ಉಗಾಂಡಾ ಮತ್ತು ಟಾಂಜಾನಿಯಾ ದೇಶಗಳೊಂದಿಗೆ ಭಾರತದ ಸಂಪರ್ಕ ಹಳೆಯದು. ವ್ಯಾಪಾರ, ಉದ್ಯೋಗ, ಶಾಂತಿಪಾಲನಾ ಸೇವೆ ಮತ್ತು ವನ್ಯಜೀವಿ ಪ್ರವಾಸಕ್ಕಾಗಿ ಭಾರತೀಯರು ಈ ಖಂಡಕ್ಕೆ ಹೋಗುತ್ತಾರೆ. ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ ಅನೇಕರು ಗಿಡಮೂಲಿಕೆಯ ತೈಲಗಳನ್ನು ಮಾರಲು ಆಫ್ರಿಕಾದ ಹಲವು ದೇಶಗಳಲ್ಲಿ ಸಂಚರಿಸುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಸಂಘರ್ಷ ಆರಂಭವಾದಾಗ ಅಲ್ಲಿ ಸಿಲುಕಿದ್ದ ಈ ಸಮುದಾಯದವರನ್ನು ಭಾರತ ಸರ್ಕಾರದ 'ಆಪರೇಷನ್ ಕಾವೇರಿ' ಕಾರ್ಯಾಚರಣೆಯ ಮೂಲಕ ಕರೆತರಲಾಯಿತು.

ಜನರ ಸಂಚಾರದೊಂದಿಗೆ ರೋಗಾಣುಗಳೂ ಸೊಳ್ಳೆಗಳೂ ಸಂಚರಿಸುತ್ತವೆ. ಚಿಕೂನ್‌ಗುನ್ಯಾ ರೋಗವನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಇಂದಿನ ಟಾಂಜಾನಿಯಾದ ಮಕೊಂಡೆ ಪ್ರಸ್ಥಭೂಮಿಯಲ್ಲಿ. ರೋಗದ ಹೆಸರೂ ಮಕೊಂಡೆ ಭಾಷೆಯದೇ. ಕೀಲುನೋವಿನಿಂದ ದೇಹ ಬಾಗುವುದನ್ನು ಅದು ಸೂಚಿಸುತ್ತದೆ. 2006ರಲ್ಲಿ ಕರ್ನಾಟಕವನ್ನು ತೀವ್ರವಾಗಿ ಬಾಧಿಸಿದ ಚಿಕೂನ್‌ಗುನ್ಯಾಕ್ಕೆ ಕಾರಣವಾದದ್ದು ಪೂರ್ವ, ಮಧ್ಯ ಮತ್ತು ದಕ್ಷಿಣ ಆಫ್ರಿಕಾ ಮೂಲದ ವೈರಾಣು ಪ್ರಭೇದ. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆಯೂ ಇದೆ. ಭಾರತದ ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಯು 2012ರಲ್ಲಿ ಜಿಬೂಟಿಯಲ್ಲಿ ಪತ್ತೆಯಾಯಿತು. ನಂತರ ಇಥಿಯೋಪಿಯಾ ಸೇರಿದಂತೆ ಇತರ ದೇಶಗಳಲ್ಲಿಯೂ ಅದು ಕಂಡುಬಂದಿದೆ.

ಪ್ರಯಾಣಕ್ಕೆ ಮುನ್ನ

ವೈದ್ಯರ ಭೇಟಿ

ಪ್ರಯಾಣದ ಅಪಾಯವು ದೇಶದ ಹೆಸರಿನಿಂದಷ್ಟೇ ನಿರ್ಧಾರವಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 1,800 ಮೀಟರ್ ಎತ್ತರದಲ್ಲಿರುವ ನೈರೋಬಿಯಲ್ಲಿ ಮಲೇರಿಯಾದ ಸಾಧ್ಯತೆ ಕಡಿಮೆ. ಅದೇ ದೇಶದ ಕರಾವಳಿಯ ಮೊಂಬಾಸಾದಲ್ಲಿ ಹೆಚ್ಚು. ಆದ್ದರಿಂದ ಭೇಟಿ ನೀಡುವ ಊರುಗಳು, ತಿಂಗಳು, ತಂಗುವ ಅವಧಿ, ವಸತಿಯ ಸ್ವರೂಪ, ಈಗಾಗಲೇ ಪಡೆದ ಲಸಿಕೆಗಳು, ಗರ್ಭಧಾರಣೆ, ಮಧುಮೇಹ, ರಕ್ತದೊತ್ತಡ ಮುಂತಾದ ವಿವರಗಳನ್ನು ವೈದ್ಯರಿಗೆ ತಿಳಿಸಬೇಕಾಗುತ್ತದೆ. ಕಾಲಾವಕಾಶ ಕಡಿಮೆಯಿದ್ದರೂ ಭೇಟಿಯನ್ನು ಕೈಬಿಡಬಾರದು. ಕೆಲವು ಮಲೇರಿಯಾ ನಿರೋಧಕ ಔಷಧಗಳನ್ನು ಹೊರಡುವ ಹಿಂದಿನ ದಿನವೂ ಆರಂಭಿಸಬಹುದು.

ಹಳದಿ ಜ್ವರದ ಲಸಿಕೆ

ಹಳದಿ ಜ್ವರವು ಈಡಿಸ್ ಸೊಳ್ಳೆಯಿಂದ ಹರಡುವ ವೈರಾಣು ರೋಗ. ತೀವ್ರ ಸ್ಥಿತಿಯಲ್ಲಿ ಕಾಮಾಲೆ, ರಕ್ತಸ್ರಾವ ಮತ್ತು ಮೂತ್ರಪಿಂಡ ವೈಫಲ್ಯ ಉಂಟಾಗುತ್ತವೆ. ಈ ವೈರಾಣುವನ್ನು ನಾಶಮಾಡುವ ನಿರ್ದಿಷ್ಟ ಔಷಧವಿಲ್ಲ. ಮ್ಯಾಕ್ಸ್ ಥೀಲರ್ ಮತ್ತು ಸಂಗಡಿಗರು 1937ರಲ್ಲಿ ಸಿದ್ಧಪಡಿಸಿದ 17ಡಿ ಲಸಿಕೆ ಇಂದಿಗೂ ಬಳಕೆಯಲ್ಲಿದೆ. ಈ ಸಾಧನೆಗಾಗಿ ಥೀಲರ್ ಅವರಿಗೆ 1951ರ ನೊಬೆಲ್ ಪ್ರಶಸ್ತಿ ದೊರೆಯಿತು.

ಭಾರತದಲ್ಲಿ ಹಳದಿ ಜ್ವರವಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಈಜಿಪ್ಟೈ ಸೊಳ್ಳೆ ದೇಶದಾದ್ಯಂತ ಇದೆ. ಡೆಂಗಿಯನ್ನು ಹರಡುವುದೂ ಅದೇ ಸೊಳ್ಳೆ. ಸೋಂಕಿತ ವ್ಯಕ್ತಿಯೊಬ್ಬರಿಂದ ರೋಗವು ಇಲ್ಲಿ ನೆಲೆಯೂರುವ ಸಾಧ್ಯತೆ ಇರುವುದರಿಂದ ಭಾರತದ ನಿಯಮಗಳು ಕಟ್ಟುನಿಟ್ಟಾಗಿವೆ. ಹಳದಿ ಜ್ವರವಿರುವ ದೇಶದಿಂದ ಹೊರಟ ಆರು ದಿನಗಳೊಳಗೆ ಮಾನ್ಯ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸಬಹುದು. ಈ ನಿಯಮ ಮರಳಿ ಬರುವ ಭಾರತೀಯರಿಗೂ ಅನ್ವಯಿಸುತ್ತದೆ.

ಈ ಆತಂಕ ಆಧಾರವಿಲ್ಲದ್ದಲ್ಲ. 2016ರಲ್ಲಿ ಅಂಗೋಲಾದಲ್ಲಿ ಹಳದಿ ಜ್ವರ ಹರಡಿದಾಗ, ಅಲ್ಲಿಂದ ಚೀನಾಕ್ಕೆ ಮರಳಿದ 11 ಮಂದಿಯಲ್ಲಿ ಸೋಂಕು ದೃಢಪಟ್ಟಿತು. ಏಷ್ಯಾದಲ್ಲಿ ಹೊರಗಿನಿಂದ ಬಂದ ಹಳದಿ ಜ್ವರ ಪ್ರಕರಣಗಳು ದಾಖಲಾದದ್ದು ಅದೇ ಮೊದಲು. ಸ್ಥಳೀಯವಾಗಿ ಅದು ಹರಡಲಿಲ್ಲ.

ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳ ಪ್ರಕಾರ ಪ್ರಮಾಣಪತ್ರವು ಲಸಿಕೆ ಪಡೆದ 10 ದಿನಗಳ ನಂತರ ಮಾನ್ಯವಾಗುತ್ತದೆ. ಜೂನ್ 21ರಂದು ಲಸಿಕೆ ಪಡೆದವರ ಪ್ರಮಾಣಪತ್ರ ಜುಲೈ 1ರಿಂದ ಮಾನ್ಯ. 10 ವರ್ಷಗಳಿಗೊಮ್ಮೆ ಮತ್ತೆ ಲಸಿಕೆ ಪಡೆಯಬೇಕೆಂಬ ಹಿಂದಿನ ನಿಯಮವು 2016ರ ಜುಲೈ 11ರಿಂದ ರದ್ದಾಗಿದ್ದು, ಒಮ್ಮೆ ಪಡೆದ ಪ್ರಮಾಣಪತ್ರವು ಜೀವನಪರ್ಯಂತ ಮಾನ್ಯವಾಗಿರುತ್ತದೆ. ಭಾರತದಲ್ಲಿ ಕೇಂದ್ರ ಸರ್ಕಾರ ಅನುಮೋದಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ದೊರೆಯುತ್ತದೆ. ಬೆಂಗಳೂರಿನಲ್ಲಿಯೂ ಇಂತಹ ಕೇಂದ್ರವಿದೆ. ಒಂದು ಸೀಸೆಯ ಲಸಿಕೆಯನ್ನು ಹಲವರಿಗೆ ಹಂಚಬೇಕಾಗಿರುವುದರಿಂದ ಕೇಂದ್ರಗಳು ಸಾಮಾನ್ಯವಾಗಿ ನಿಗದಿತ ದಿನಗಳಲ್ಲಿ, ಮುಂಗಡ ನೋಂದಣಿಯ ಮೇರೆಗೆ ಲಸಿಕೆ ನೀಡುತ್ತವೆ. ಕೊನೆಯ ವಾರಕ್ಕೆ ಮುಂದೂಡಿದವರು ತೊಂದರೆಗೆ ಸಿಲುಕುವುದು ಇದೇ ಕಾರಣದಿಂದ.

ಇದು ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆ. ರೋಗನಿರೋಧಕ ಶಕ್ತಿ ತೀರ ಕುಗ್ಗಿದವರಿಗೆ, ಥೈಮಸ್ ಗ್ರಂಥಿಯ ಕಾಯಿಲೆಯಿರುವವರಿಗೆ ಮತ್ತು ಮೊಟ್ಟೆಯ ತೀವ್ರ ಅಲರ್ಜಿಯಿರುವವರಿಗೆ ಇದನ್ನು ನೀಡುವುದಿಲ್ಲ. ಒಂಬತ್ತು ತಿಂಗಳೊಳಗಿನ ಶಿಶುಗಳಿಗೂ ಸಾಮಾನ್ಯವಾಗಿ ನೀಡಲಾಗುವುದಿಲ್ಲ. 60 ವರ್ಷ ಮೀರಿದವರು, ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರ ವಿಷಯದಲ್ಲಿ ಲಾಭ ಮತ್ತು ಅಪಾಯಗಳನ್ನು ತೂಗಿನೋಡಿ ವೈದ್ಯರು ನಿರ್ಧರಿಸುತ್ತಾರೆ.

ಇತರ ಲಸಿಕೆಗಳು

* ಟೈಫಾಯಿಡ್ ಮತ್ತು ಹೆಪಟೈಟಿಸ್ ಎ: ಎರಡೂ ಕಲುಷಿತ ನೀರು ಮತ್ತು ಆಹಾರದಿಂದ ಹರಡುತ್ತವೆ. ಹೊರಡುವುದಕ್ಕೆ ಕನಿಷ್ಠ ಎರಡು ವಾರ ಮೊದಲು ಲಸಿಕೆ ಪಡೆಯುವುದು ಉತ್ತಮ.
* ಮೆನಿಂಜೈಟಿಸ್: ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯಾದವರೆಗೆ ಚಾಚಿರುವ ಭೂಭಾಗವನ್ನು 'ಮೆನಿಂಜೈಟಿಸ್ ಪಟ್ಟಿ' ಎನ್ನುತ್ತಾರೆ. ಡಿಸೆಂಬರ್‌ನಿಂದ ಜೂನ್‌ವರೆಗಿನ ಒಣಹವೆಯಲ್ಲಿ ಅಲ್ಲಿ ರೋಗ ಹೆಚ್ಚುತ್ತದೆ. ಪ್ರವಾಸಿಗರಿಗೆ ಎ, ಸಿ, ಡಬ್ಲ್ಯು ಮತ್ತು ವೈ ಗುಂಪುಗಳ ವಿರುದ್ಧದ ಲಸಿಕೆಯನ್ನು ಸೂಚಿಸಲಾಗುತ್ತದೆ. ಇದೇ ಪ್ರದೇಶದ ಜನರಿಗಾಗಿ 2010ರಿಂದ ಬಳಕೆಗೆ ಬಂದ, ಎ ಗುಂಪಿನ ವಿರುದ್ಧದ 'ಮೆನ್‌ಆಫ್ರಿವ್ಯಾಕ್' ಲಸಿಕೆ ತಯಾರಾದದ್ದು ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾದಲ್ಲಿ.
* ಪೋಲಿಯೊ: ಭಾರತವು 2014ರಲ್ಲಿ ಪೋಲಿಯೊ ಮುಕ್ತವೆಂದು ಘೋಷಿತವಾಯಿತು. ಪೋಲಿಯೊ ಇರುವ ಕೆಲವು ದೇಶಗಳಿಗೆ ಹೋಗಿಬರುವವರು ಹೊರಡುವುದಕ್ಕೆ ಕನಿಷ್ಠ ನಾಲ್ಕು ವಾರ ಮೊದಲು ಹನಿ ಪಡೆದು ಪ್ರಮಾಣಪತ್ರ ಹೊಂದಿರಬೇಕೆಂಬ ನಿಯಮ ಅದೇ ವರ್ಷ ಜಾರಿಗೆ ಬಂತು. ದೇಶಗಳ ಪಟ್ಟಿ ಬದಲಾಗುತ್ತಿರುತ್ತದೆ.
* ರೇಬೀಸ್: ಹಳ್ಳಿಗಾಡಿನಲ್ಲಿ ದೀರ್ಘಕಾಲ ಇರುವವರು, ಪ್ರಾಣಿಗಳೊಡನೆ ಕೆಲಸ ಮಾಡುವವರು ಮತ್ತು ಮಕ್ಕಳಿಗೆ ಮುಂಚಿತವಾಗಿ ಲಸಿಕೆ ನೀಡಬಹುದು.
* ಧನುರ್ವಾಯು, ದಡಾರ ಮುಂತಾದ ಸಾಮಾನ್ಯ ಲಸಿಕೆಗಳು ಬಾಕಿಯಿದ್ದರೆ ಪೂರ್ಣಗೊಳಿಸಬೇಕು. ದಡಾರದ ಲಸಿಕೆಯೂ ಜೀವಂತ ವೈರಾಣುವಿನದಾದ್ದರಿಂದ ಅದಕ್ಕೂ ಹಳದಿ ಜ್ವರದ ಲಸಿಕೆಗೂ ನಡುವೆ ಸಾಮಾನ್ಯವಾಗಿ ನಾಲ್ಕು ವಾರಗಳ ಅಂತರವಿಡಲಾಗುತ್ತದೆ.

ಮಲೇರಿಯಾ ನಿರೋಧಕ ಔಷಧ

ಜಗತ್ತಿನ ಮಲೇರಿಯಾ ಪ್ರಕರಣಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಆಫ್ರಿಕಾದಲ್ಲಿ ವರದಿಯಾಗುತ್ತವೆ. ಅಲ್ಲಿ ಪ್ರಧಾನವಾಗಿರುವುದು ಪ್ಲಾಸ್ಮೋಡಿಯಂ ಫಾಲ್ಸಿಪಾರಂ ಎಂಬ ಪರಾವಲಂಬಿ. ಇದು ಮಿದುಳು ಮತ್ತು ಮೂತ್ರಪಿಂಡಗಳನ್ನು ಬಾಧಿಸಿ, ಚಿಕಿತ್ಸೆ ವಿಳಂಬವಾದರೆ ಕೆಲವೇ ದಿನಗಳಲ್ಲಿ ಸಾವಿಗೆ ಕಾರಣವಾಗಬಲ್ಲದು.

ಭಾರತದಲ್ಲಿ ಹಿಂದೆ ಮಲೇರಿಯಾ ಬಂದು ಗುಣವಾದವರಲ್ಲಿ ತಮಗೆ ಅದು ಅಪಾಯಕಾರಿಯಲ್ಲ ಎಂಬ ಭಾವನೆ ಇರುವುದುಂಟು. ಇದು ಸರಿಯಲ್ಲ. ಮಲೇರಿಯಾದ ವಿರುದ್ಧದ ನಿರೋಧಕ ಶಕ್ತಿ ಭಾಗಶಃವಾದದ್ದು ಮತ್ತು ಪದೇಪದೇ ಸೋಂಕು ತಗುಲುತ್ತಿದ್ದರೆ ಮಾತ್ರ ಉಳಿಯುವಂಥದ್ದು. ಆಫ್ರಿಕಾದಲ್ಲೇ ಹುಟ್ಟಿ ಬೆಳೆದವರೂ ಕೆಲವು ವರ್ಷ ಹೊರದೇಶದಲ್ಲಿ ನೆಲೆಸಿದರೆ ಈ ರಕ್ಷಣೆಯನ್ನು ಕಳೆದುಕೊಳ್ಳುತ್ತಾರೆ.

ಕ್ಲೋರೋಕ್ವಿನ್ ಔಷಧಕ್ಕೆ ಆಫ್ರಿಕಾದ ಫಾಲ್ಸಿಪಾರಂ ಪ್ರತಿರೋಧ ಬೆಳೆಸಿಕೊಂಡಿದೆ. ಆದ್ದರಿಂದ ಅಲ್ಲಿಗೆ ಹೋಗುವವರಿಗೆ ಮುಖ್ಯವಾಗಿ ಮೂರು ಬಗೆಯ ಔಷಧಗಳನ್ನು ಸೂಚಿಸಲಾಗುತ್ತದೆ:

* ಅಟೊವಾಕ್ವೋನ್-ಪ್ರೊಗ್ವಾನಿಲ್: ಹೊರಡುವ ಒಂದೆರಡು ದಿನ ಮೊದಲು ಆರಂಭಿಸಿ, ಪ್ರತಿದಿನ ಸೇವಿಸಿ, ಮಲೇರಿಯಾ ಪ್ರದೇಶವನ್ನು ಬಿಟ್ಟ ನಂತರ 7 ದಿನ ಮುಂದುವರಿಸಬೇಕು.
* ಡಾಕ್ಸಿಸೈಕ್ಲಿನ್: ಒಂದೆರಡು ದಿನ ಮೊದಲು ಆರಂಭಿಸಿ, ಪ್ರತಿದಿನ ಸೇವಿಸಿ, ಮರಳಿದ ನಂತರ 4 ವಾರ ಮುಂದುವರಿಸಬೇಕು. ಗರ್ಭಿಣಿಯರಿಗೆ ಮತ್ತು ಎಂಟು ವರ್ಷದೊಳಗಿನ ಮಕ್ಕಳಿಗೆ ಇದು ಸೂಕ್ತವಲ್ಲ. ಬಿಸಿಲಿಗೆ ಚರ್ಮ ಬೇಗ ಕೆಂಪಾಗುವುದು ಇದರ ಅಡ್ಡಪರಿಣಾಮ.
* ಮೆಫ್ಲೋಕ್ವಿನ್: ಎರಡು ಮೂರು ವಾರ ಮೊದಲು ಆರಂಭಿಸಿ, ವಾರಕ್ಕೊಮ್ಮೆ ಸೇವಿಸಿ, ಮರಳಿದ ನಂತರ 4 ವಾರ ಮುಂದುವರಿಸಬೇಕು. ಮಾನಸಿಕ ಕಾಯಿಲೆ ಅಥವಾ ಮೂರ್ಛೆರೋಗದ ಇತಿಹಾಸವಿರುವವರಿಗೆ ನೀಡುವುದಿಲ್ಲ.

ಮರಳಿದ ಬಳಿಕವೂ ಔಷಧ ಮುಂದುವರಿಸಲು ಕಾರಣವಿದೆ. ಕೊನೆಯ ದಿನ ಸೊಳ್ಳೆ ಕಚ್ಚಿದ್ದರೆ ಪರಾವಲಂಬಿಯು ಮೊದಲು ಯಕೃತ್ತಿನಲ್ಲಿ ಬೆಳೆದು, ಒಂದು ವಾರ ಅಥವಾ ಇನ್ನೂ ತಡವಾಗಿ ರಕ್ತವನ್ನು ಸೇರುತ್ತದೆ. ಡಾಕ್ಸಿಸೈಕ್ಲಿನ್ ಮತ್ತು ಮೆಫ್ಲೋಕ್ವಿನ್ ಮುಖ್ಯವಾಗಿ ರಕ್ತದಲ್ಲಿರುವ ಪರಾವಲಂಬಿಯ ಮೇಲೆ ಕೆಲಸ ಮಾಡುವುದರಿಂದ, ಅದು ಹೊರಬರುವ ಹೊತ್ತಿಗೆ ಔಷಧ ರಕ್ತದಲ್ಲಿರಬೇಕು. ಅಟೊವಾಕ್ವೋನ್-ಪ್ರೊಗ್ವಾನಿಲ್ ಯಕೃತ್ತಿನ ಹಂತದಲ್ಲೇ ಪರಿಣಾಮ ಬೀರುವುದರಿಂದ ಅದಕ್ಕೆ 7 ದಿನ ಸಾಕಾಗುತ್ತದೆ.

ಔಷಧ ಪೆಟ್ಟಿಗೆ ಮತ್ತು ವಿಮೆ

ದಿನನಿತ್ಯದ ಔಷಧಗಳನ್ನು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯ ಸಮೇತ, ಕೈಚೀಲದಲ್ಲಿ ಒಯ್ಯಬೇಕು. ವಿಮಾನದ ಸರಕು ವಿಭಾಗದಲ್ಲಿ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುವ ಸಾಧ್ಯತೆ ಇರುತ್ತದೆ. ಕೆಲವೆಡೆ ನಕಲಿ ಔಷಧಗಳ ಹಾವಳಿ ಇರುವುದರಿಂದ ಪೂರ್ತಿ ಅವಧಿಗೆ ಬೇಕಾದಷ್ಟನ್ನು ಊರಿನಿಂದಲೇ ಒಯ್ಯುವುದು ಸುರಕ್ಷಿತ. ಓಆರ್‌ಎಸ್ ಪೊಟ್ಟಣ, ಜ್ವರಮಾಪಕ, ಪ್ಯಾರಾಸಿಟಮಾಲ್ ಮತ್ತು ಗಾಯಕ್ಕೆ ಕಟ್ಟುವ ಸಾಮಗ್ರಿ ಜೊತೆಗಿರಬೇಕು. ದೂರದ ಪ್ರದೇಶಗಳಿಂದ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ವೆಚ್ಚವನ್ನೂ ಭರಿಸುವ ವಿಮೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಪ್ರಯಾಣದ ಅವಧಿಯಲ್ಲಿ

ವಿಮಾನಯಾನ

ನಾಲ್ಕು ಗಂಟೆಗೂ ಮೀರಿದ ಪ್ರಯಾಣದಲ್ಲಿ ಅಲುಗಾಡದೆ ಕುಳಿತರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ. ಆಗಾಗ ಎದ್ದು ನಡೆಯುವುದು ಮತ್ತು ಕುಳಿತಲ್ಲೇ ಪಾದಗಳನ್ನು ಆಡಿಸುವುದು ಸಹಕಾರಿ. ಭಾರತಕ್ಕೂ ಕೀನ್ಯಾಕ್ಕೂ ಸಮಯದ ವ್ಯತ್ಯಾಸ ಎರಡೂವರೆ ಗಂಟೆ. ಘಾನಾಕ್ಕೆ ಐದೂವರೆ ಗಂಟೆ. ಆದ್ದರಿಂದ ಅಮೆರಿಕ ಪ್ರಯಾಣಕ್ಕೆ ಹೋಲಿಸಿದರೆ ನಿದ್ರೆಯ ಏರುಪೇರು ಕಡಿಮೆ.

ಸೊಳ್ಳೆ ಮತ್ತು ನೊಣಗಳಿಂದ ರಕ್ಷಣೆ

ಯಾವ ನಿರೋಧಕ ಔಷಧವೂ ಪೂರ್ಣ ರಕ್ಷಣೆ ನೀಡುವುದಿಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಡೆಂಗಿ, ಚಿಕೂನ್‌ಗುನ್ಯಾ ಮತ್ತು ಹಳದಿ ಜ್ವರ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. ಆದ್ದರಿಂದ ಎರಡೂ ಹೊತ್ತು ಎಚ್ಚರಿಕೆ ಬೇಕು. ಮೈತುಂಬ ಬಟ್ಟೆ, ಡೀಟ್ ಅಥವಾ ಪಿಕಾರಿಡಿನ್ ಇರುವ ಲೇಪನ, ಕೀಟನಾಶಕ ಲೇಪಿತ ಸೊಳ್ಳೆ ಪರದೆ ಇವು ಮುಖ್ಯ ಸಾಧನಗಳು. ಬಿಸಿಲಿನ ಲೇಪನವನ್ನೂ ಬಳಸುವುದಾದರೆ ಅದನ್ನು ಮೊದಲು ಹಚ್ಚಿ, ಅದರ ಮೇಲೆ ಸೊಳ್ಳೆ ನಿವಾರಕವನ್ನು ಹಚ್ಚಬೇಕು.

ವನ್ಯಧಾಮಗಳಲ್ಲಿ ಕಂಡುಬರುವ ಟ್ಸೆಟ್ಸೆ ನೊಣವು ನಿದ್ರಾರೋಗವನ್ನು ಹರಡುತ್ತದೆ. ಇದು ಹಗಲಿನಲ್ಲಿ, ತೆಳುವಾದ ಬಟ್ಟೆಯ ಮೂಲಕವೂ ಕಚ್ಚಬಲ್ಲದು. ಚಲಿಸುವ ವಾಹನಗಳಿಗೂ ಗಾಢ ನೀಲಿ ಹಾಗೂ ಕಪ್ಪು ಬಣ್ಣಗಳಿಗೂ ಇದು ಆಕರ್ಷಿತವಾಗುತ್ತದೆ. ಸಫಾರಿಗೆ ಹೋಗುವವರು ದಪ್ಪನೆಯ, ಮಾಸಲು ಬಣ್ಣದ ಉಡುಪು ಧರಿಸಬೇಕು.

ಆಹಾರ ಮತ್ತು ನೀರು

ಪ್ರವಾಸಿಗರನ್ನು ಅತಿ ಹೆಚ್ಚಾಗಿ ಕಾಡುವ ತೊಂದರೆ ಅತಿಸಾರ. ಕುದಿಸಿ ಆರಿಸಿದ ಅಥವಾ ಮುಚ್ಚಳ ಭದ್ರವಾಗಿರುವ ಬಾಟಲಿಯ ನೀರನ್ನೇ ಕುಡಿಯಬೇಕು. ಬಿಸಿಯಾಗಿ ಬಡಿಸಿದ ಅಡುಗೆ, ತಾವೇ ಸಿಪ್ಪೆ ಸುಲಿದ ಹಣ್ಣು ಸುರಕ್ಷಿತ. ಸಸ್ಯಾಹಾರ ತಾನಾಗಿಯೇ ಸುರಕ್ಷಿತವಲ್ಲ; ಹಸಿ ತರಕಾರಿಯ ಸಲಾಡ್, ತೆರೆದಿಟ್ಟ ಚಟ್ನಿ, ಮಂಜುಗಡ್ಡೆ ಹಾಕಿದ ಹಣ್ಣಿನ ರಸ ಇವುಗಳಿಂದ ಸೋಂಕು ತಗುಲಬಹುದು. ಅತಿಸಾರವಾದರೆ ಓಆರ್‌ಎಸ್ ದ್ರಾವಣವನ್ನು ಕುಡಿಯುತ್ತಿರಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ ಮತ್ತು ಅರ್ಧ ಟೀ ಚಮಚ ಉಪ್ಪು ಬೆರೆಸಿಕೊಳ್ಳಬಹುದು. ಮಲದಲ್ಲಿ ರಕ್ತ ಅಥವಾ ಜ್ವರ ಕಂಡುಬಂದರೆ ವೈದ್ಯರನ್ನು ಕಾಣಬೇಕು.

ಕೆರೆ ಮತ್ತು ಸರೋವರಗಳು

ವಿಕ್ಟೋರಿಯಾ, ಮಲಾವಿ ಮುಂತಾದ ಸಿಹಿನೀರಿನ ಸರೋವರಗಳಲ್ಲಿ ಶಿಸ್ಟೊಸೋಮಿಯಾಸಿಸ್ ಉಂಟುಮಾಡುವ ಹುಳುಗಳಿವೆ. ನೀರಿನ ಬಸವನಹುಳುಗಳಲ್ಲಿ ಬೆಳೆದ ಇವುಗಳ ಮರಿಗಳು ಈಜುವವರ ಚರ್ಮವನ್ನು ಭೇದಿಸಿ ದೇಹ ಸೇರುತ್ತವೆ. ಗಾಯವಿಲ್ಲದ ಚರ್ಮವೂ ಇವುಗಳಿಗೆ ತಡೆಯಲ್ಲ. ಲಸಿಕೆಯಾಗಲೀ ತಡೆಗಟ್ಟುವ ಮಾತ್ರೆಯಾಗಲೀ ಪ್ರವಾಸಿಗರಿಗೆ ಲಭ್ಯವಿಲ್ಲ. ಈಜದಿರುವುದೇ ರಕ್ಷಣೆ. ಸಮುದ್ರದ ನೀರಿನಲ್ಲಿ ಮತ್ತು ಕ್ಲೋರಿನ್ ಹಾಕಿದ ಈಜುಕೊಳಗಳಲ್ಲಿ ಈ ಅಪಾಯವಿಲ್ಲ.

ಪ್ರಾಣಿ ಕಡಿತ, ಅಪಘಾತ ಮತ್ತು ಎತ್ತರ

ನಾಯಿ, ಕೋತಿ ಅಥವಾ ಬಾವಲಿ ಕಚ್ಚಿದರೆ ಗಾಯವನ್ನು ಕೂಡಲೇ ಸಾಬೂನು ಮತ್ತು ನೀರಿನಿಂದ 15 ನಿಮಿಷ ತೊಳೆದು, ಅದೇ ದಿನ ರೇಬೀಸ್ ಲಸಿಕೆ ಆರಂಭಿಸಬೇಕು. ಊರಿಗೆ ಮರಳಿದ ಮೇಲೆ ನೋಡಿದರಾಯಿತು ಎಂದು ಕಾಯಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜನಸಂಖ್ಯೆಗೆ ಹೋಲಿಸಿದಾಗ ರಸ್ತೆ ಅಪಘಾತದ ಸಾವುಗಳು ಅತಿ ಹೆಚ್ಚಿರುವುದು ಆಫ್ರಿಕಾ ವಲಯದಲ್ಲಿ. ರಾತ್ರಿಯ ರಸ್ತೆ ಪ್ರಯಾಣವನ್ನು ತಪ್ಪಿಸುವುದು, ಸೀಟ್ ಬೆಲ್ಟ್ ಮತ್ತು ಹೆಲ್ಮೆಟ್ ಬಳಸುವುದು ಲಸಿಕೆಯಷ್ಟೇ ಮುಖ್ಯ. ಅಪರಿಚಿತರೊಂದಿಗಿನ ಅಸುರಕ್ಷಿತ ಲೈಂಗಿಕ ಸಂಪರ್ಕ ಮತ್ತು ಬಳಸಿದ ಸೂಜಿಗಳಿಂದ ಎಚ್‌ಐವಿ ಸೋಂಕಿನ ಅಪಾಯವಿದೆ. ಸೋಂಕಿನ ಶಂಕೆಯಿದ್ದರೆ ತಡೆ ಚಿಕಿತ್ಸೆಯನ್ನು 72 ಗಂಟೆಗಳೊಳಗೆ ಆರಂಭಿಸಬೇಕು.

5,895 ಮೀಟರ್ ಎತ್ತರದ ಕಿಲಿಮಂಜಾರೋ ಪರ್ವತವನ್ನು ಏರುವವರಿಗೆ ತಲೆನೋವು, ವಾಕರಿಕೆ, ಉಸಿರಾಟದ ತೊಂದರೆ ಉಂಟಾಗಬಹುದು. ಹೆಚ್ಚು ದಿನಗಳ ಮಾರ್ಗವನ್ನು ಆರಿಸಿಕೊಂಡು ನಿಧಾನವಾಗಿ ಏರುವುದು ಮತ್ತು ಲಕ್ಷಣಗಳು ಹೆಚ್ಚಿದರೆ ತಡಮಾಡದೆ ಕೆಳಗಿಳಿಯುವುದು ಪರಿಹಾರ.

ಮರಳಿದ ನಂತರ

ಜ್ವರ

ಮಲೇರಿಯಾ ಪ್ರದೇಶದಲ್ಲಿ ಒಂದು ವಾರ ಕಳೆದ ನಂತರ ಯಾವಾಗ ಜ್ವರ ಬಂದರೂ, ಬೇರೆ ಕಾರಣ ಖಚಿತವಾಗುವವರೆಗೆ ಅದನ್ನು ಮಲೇರಿಯಾ ಎಂದೇ ಶಂಕಿಸಬೇಕು. ಮರಳಿದ ಮೊದಲ ಮೂರು ತಿಂಗಳಲ್ಲಿ ಇದು ತುರ್ತು ಪರಿಸ್ಥಿತಿ. ನಿರೋಧಕ ಔಷಧವನ್ನು ತಪ್ಪದೆ ಸೇವಿಸಿದವರಿಗೂ ಇದು ಅನ್ವಯಿಸುತ್ತದೆ. ಫಾಲ್ಸಿಪಾರಂ ಸೋಂಕಿನ ಲಕ್ಷಣಗಳು ಸಾಮಾನ್ಯವಾಗಿ ಸೊಳ್ಳೆ ಕಚ್ಚಿದ ಒಂದರಿಂದ ನಾಲ್ಕು ವಾರಗಳಲ್ಲಿ ಕಾಣಿಸುತ್ತವೆ. ವೈವ್ಯಾಕ್ಸ್ ಮತ್ತು ಓವೇಲ್ ಪ್ರಭೇದಗಳು ಯಕೃತ್ತಿನಲ್ಲಿ ಸುಪ್ತವಾಗಿದ್ದು ತಿಂಗಳುಗಳ ನಂತರವೂ ಜ್ವರ ತರಬಲ್ಲವು.

ಕರ್ನಾಟಕದಲ್ಲಿ ಈ ಎಚ್ಚರಿಕೆಗೆ ವಿಶೇಷ ಮಹತ್ವವಿದೆ. ರಾಜ್ಯದ ಹೆಚ್ಚಿನ ಭಾಗಗಳಲ್ಲಿ ಮಲೇರಿಯಾ ಬಹುವಾಗಿ ತಗ್ಗಿದೆ. ಮಳೆಗಾಲದ ಜ್ವರವೆಂದರೆ ಡೆಂಗಿ, ಇಲಿಜ್ವರ ಅಥವಾ ವೈರಲ್ ಜ್ವರ ಎಂದು, ಮಲೆನಾಡಿನಲ್ಲಾದರೆ ಮಂಗನ ಕಾಯಿಲೆ ಎಂದು ಮೊದಲು ಭಾವಿಸುವುದು ಸಹಜ. ರೋಗಿಯು ಆಫ್ರಿಕಾದಿಂದ ಬಂದ ಸಂಗತಿ ತಿಳಿಯದಿದ್ದರೆ ಫಾಲ್ಸಿಪಾರಂ ಮಲೇರಿಯಾದ ಶಂಕೆಯೇ ಮೂಡದೆ ಅಮೂಲ್ಯವಾದ ದಿನಗಳು ಕಳೆದುಹೋಗಬಹುದು. ಆದ್ದರಿಂದ ವೈದ್ಯರು ಕೇಳಲಿ ಬಿಡಲಿ, ಯಾವ ದೇಶದಿಂದ ಎಂದು ಮರಳಿದ್ದು ಎಂಬುದನ್ನು ರೋಗಿ ಅಥವಾ ಮನೆಯವರು ಮೊದಲ ಮಾತಿನಲ್ಲೇ ತಿಳಿಸಬೇಕು.

ರಕ್ತಲೇಪ ಪರೀಕ್ಷೆ ಅಥವಾ ಕ್ಷಿಪ್ರ ಪರೀಕ್ಷೆಯಿಂದ ಮಲೇರಿಯಾ ಪತ್ತೆಯಾಗುತ್ತದೆ. ಮೊದಲ ಪರೀಕ್ಷೆಯಲ್ಲಿ ಪರಾವಲಂಬಿ ಕಾಣಿಸದಿದ್ದರೂ ಶಂಕೆ ಮುಂದುವರಿದರೆ 12ರಿಂದ 24 ಗಂಟೆಗಳ ಅಂತರದಲ್ಲಿ ಪರೀಕ್ಷೆಯನ್ನು ಪುನರಾವರ್ತಿಸಬೇಕು. ಸಕಾಲದಲ್ಲಿ ಪತ್ತೆಯಾದರೆ ಆರ್ಟಿಮಿಸಿನಿನ್ ಆಧಾರಿತ ಔಷಧಗಳಿಂದ ರೋಗ ಗುಣವಾಗುತ್ತದೆ. ಆರ್ಟಿಮಿಸಿನಿನ್ ಅನ್ನು ಕಂಡುಹಿಡಿದ ಚೀನಾದ ಟು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಜ್ವರದೊಂದಿಗೆ ರಕ್ತಸ್ರಾವವಿದ್ದರೆ ಅಥವಾ ಎಬೋಲಾ ಹರಡಿದ್ದ ಪ್ರದೇಶದಿಂದ ಬಂದು 21 ದಿನಗಳೊಳಗೆ ಜ್ವರ ಬಂದರೆ, ನೇರವಾಗಿ ಆಸ್ಪತ್ರೆಗೆ ನುಗ್ಗದೆ ಮೊದಲು ದೂರವಾಣಿಯ ಮೂಲಕ ಆರೋಗ್ಯ ಅಧಿಕಾರಿಗಳಿಗೆ ತಿಳಿಸಬೇಕು. ಇದರಿಂದ ಇತರ ರೋಗಿಗಳಿಗೂ ಸಿಬ್ಬಂದಿಗೂ ರಕ್ಷಣೆ ದೊರೆಯುತ್ತದೆ.

ಇತರ ಲಕ್ಷಣಗಳು

ಎರಡು ವಾರ ಮೀರಿದ ಅತಿಸಾರ, ಕಾಮಾಲೆ, ವಾಸಿಯಾಗದ ಹುಣ್ಣು, ಮೂತ್ರದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು ಇವು ವೈದ್ಯರ ಗಮನಕ್ಕೆ ಬರಬೇಕು. ಸರೋವರದಲ್ಲಿ ಈಜಿದವರು ಆರೋಗ್ಯವಾಗಿದ್ದರೂ ಎರಡು ಮೂರು ತಿಂಗಳ ನಂತರ ಶಿಸ್ಟೊಸೋಮಿಯಾಸಿಸ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಭಾರತದಲ್ಲಿ ಈ ರೋಗ ಅತಿ ವಿರಳವಾದ್ದರಿಂದ ಪ್ರಯಾಣದ ವಿವರವಿಲ್ಲದೆ ಅದನ್ನು ಊಹಿಸುವುದು ಕಷ್ಟ. ಪತ್ತೆಯಾದರೆ ಪ್ರಾಜಿಕ್ವಾಂಟೆಲ್ ಮಾತ್ರೆಯಿಂದ ಗುಣಪಡಿಸಬಹುದು. ರಕ್ತದಾನ ಮಾಡುವಾಗಲೂ ಇತ್ತೀಚಿನ ಪ್ರಯಾಣವನ್ನು ರಕ್ತನಿಧಿಗೆ ತಿಳಿಸಬೇಕು, ಏಕೆಂದರೆ ಮಲೇರಿಯಾ ರಕ್ತದ ಮೂಲಕವೂ ಹರಡುತ್ತದೆ.